ಎಡಕ್ಕೆ ಹೋಗದ ಚೆಂಡು

ನನ್ನ ತಮ್ಮನನ್ನು ನಾನು ಗುರುತಿಸಲಿಲ್ಲ. ಇದನ್ನು ಬರೆದುಕೊಳ್ಳುವಾಗಲೂ ನಂಬಿಕೆ ಬರುತ್ತಿಲ್ಲ. ವೈಟ್‌ಫೀಲ್ಡ್ ಕಡೆಯ ಪಟ್ಟಂದೂರು ಅಗ್ರಹಾರದಲ್ಲಿ ಗೆಳತಿಯೊಬ್ಬಳು ಹೊಸದಾಗಿ ಬಾಡಿಗೆಗೆ ಹಿಡಿದಿದ್ದ ಮನೆಯ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಕೆಳಗೆ, ಎರಡು ಅಪಾರ್ಟ್‌ಮೆಂಟುಗಳ ನಡುವೆ, ಸುತ್ತಲೂ ಬಲೆ ಕಟ್ಟಿ ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಹುಲ್ಲಿನ ಮೈದಾನದಲ್ಲಿ ಹಾಕಿ ಆಟ ನಡೆಯುತ್ತಿತ್ತು.

"ಭಾನುವಾರ ಬೆಳಿಗ್ಗೆ ಆದ್ರೆ ಇವರದ್ದು ಇದೇ" ಎಂದಳು ಗೆಳತಿ. "ಸಾಫ್ಟ್‌ವೇರಿನವರು, ಸೆಕ್ಯುರಿಟಿಯವರು, ಯಾರ್ಯಾರೋ. ಒಬ್ಬನ ಭಾಷೆ ಇನ್ನೊಬ್ಬನಿಗೆ ಬರಲ್ಲ. ಆ ಎಡಗಡೆ ಗೆರೆ ಪಕ್ಕ ಓಡ್ತಾನಲ್ಲ, ಅವನನ್ನ ನೋಡು. ಅವನಿಗೆ ಬಾಲ್ ಸಿಕ್ಕರೆ ಮುಗೀತು."

ನೋಡಿದೆ. ಚೆಂಡು ಬರುವ ಮೊದಲೇ ಅವನು ಅಲ್ಲಿರುತ್ತಿದ್ದ. ಬಲಗಡೆಯಿಂದ ಯಾರೋ ಕೂಗಿದರೆ ತಲೆ ಎತ್ತದೆಯೇ ಸರಿಯಾಗಿ ಆ ಕೂಗಿನ ಬುಡಕ್ಕೆ ಚೆಂಡು ತಳ್ಳುತ್ತಿದ್ದ. ನಗುತ್ತಿದ್ದ. ಇಂಥವರು ಆಡುವುದನ್ನು ನೋಡಿದರೆ ಆಟ ಗೊತ್ತಿಲ್ಲದವರಿಗೂ ಆಟ ಗೊತ್ತಾಗಿಬಿಡುತ್ತದೆ ಎಂದುಕೊಂಡೆ. ಆಮೇಲೆ ಅವನು ಗೋಲು ಹೊಡೆದ. ಹೊಡೆದವನು ನಿಂತು, ತೋಳಿನ ತುದಿಯಿಂದ ಮೂಗಿನ ಮೇಲಿನ ಬೆವರನ್ನು ಕೆಳಗಿನಿಂದ ಮೇಲಕ್ಕೆ ಒರೆಸಿಕೊಂಡ. ಹಾಗೆ ಒರೆಸಿಕೊಳ್ಳುವವರು ಈ ಲೋಕದಲ್ಲಿ ಇಬ್ಬರೇ. ಒಬ್ಬರು ನಮ್ಮ ಅಪ್ಪ.

ಲೋಟದ ಕಾಫಿ ನನ್ನ ಕಾಲಿನ ಮೇಲೆ ಚೆಲ್ಲಿದ್ದು ಗೆಳತಿ ಹೇಳಿದ ಮೇಲೆ ತಿಳಿಯಿತು.

ಆಘಾತಕ್ಕೆ ಕಾರಣ ಅವನು ಅಲ್ಲಿ ಇದ್ದದ್ದಲ್ಲ. ಗೆಳೆಯನ ಮನೆಗೆ ಹೋಗುತ್ತೇನೆಂದು ಹೇಳಿ ಎಲ್ಲಿಗಾದರೂ ಹೋಗುವ ವಯಸ್ಸು ಅವನದು. ನಾನು ಬಲ್ಲ ನನ್ನ ತಮ್ಮ ಹಾಕಿಯಲ್ಲಿ ಸೋತವನು. ಪೀಣ್ಯದ ನಮ್ಮ ಕಡೆ ಹಾಗೆಂದು ಎಲ್ಲರಿಗೂ ಗೊತ್ತಿತ್ತು. ಬರೀ ಸೋತವನಲ್ಲ, ಬೇಕೆಂದೇ ಕೆಟ್ಟದಾಗಿ ಆಡುವವನು ಎಂಬ ಹೆಸರೂ ಇತ್ತು.

ಅದನ್ನು ಹೇಳಬೇಕಾದರೆ ಅಪ್ಪನನ್ನು ಹೇಳಬೇಕು. ಅಪ್ಪ ನಮ್ಮ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸುಗಳ ನಡುವೆ ಕೆಲಸ ಮಾಡಿ ನಿವೃತ್ತರಾದವರು. ಯೂನಿಯನ್ನಿನ ಮನುಷ್ಯ. ಕೊನೆಯ ಚುನಾವಣೆಯಲ್ಲಿ ಅವರ ಬಣ ಸೋತಿತು. ಗೆದ್ದ ಬಣದ ಮುಂದಾಳು ಅಪ್ಪನಿಗಿಂತ ತುಂಬ ಚಿಕ್ಕವನು, ಕಾರ್ಖಾನೆಯ ಹಾಕಿ ತಂಡದ ಕ್ಯಾಪ್ಟನ್, ಮೈದಾನದ ಎಡ ಅಂಚಿನಲ್ಲಿ ಲೆಫ್ಟ್ ಔಟ್ ಆಡುವವನು. ಅಂದಿನಿಂದ ನಮ್ಮ ಮನೆಯಲ್ಲಿ ಅವನ ಹೆಸರು ಎತ್ತುವಂತಿರಲಿಲ್ಲ. ಎತ್ತಲೇಬೇಕಾದರೆ ಅಪ್ಪ "ಆ ಲೆಫ್ಟ್ ಔಟು" ಎನ್ನುತ್ತಿದ್ದರು, ಬಾಯಲ್ಲಿ ಕಹಿ ಮಾತ್ರೆ ಇಟ್ಟುಕೊಂಡವರ ಹಾಗೆ.

ತಮ್ಮ ಕಾಲೇಜಿನಲ್ಲಿ ಚೆನ್ನಾಗಿ ಆಡಿದ್ದಕ್ಕೆ ಅದೇ ಕಾರ್ಖಾನೆ ಅವನನ್ನು ಆಟಗಾರನೆಂದು ಗುತ್ತಿಗೆಯ ಮೇಲೆ ತೆಗೆದುಕೊಂಡಿತ್ತು. ಬೆಳಿಗ್ಗೆ ಸ್ಟೋರ್ಸಿನಲ್ಲಿ ಕೆಲಸ, ಸಂಜೆ ಮೈದಾನ. ಚೆನ್ನಾಗಿ ಆಡಿದರೆ ಕಾಯಂ, ಇಲ್ಲವಾದರೆ ಮನೆಗೆ. ಆ ತೀರ್ಮಾನ ಈ ವರ್ಷವೇ ಆಗಬೇಕಿತ್ತು. ಲೆಫ್ಟ್ ಔಟ್ ಜಾಗದಲ್ಲಿ ಕ್ಯಾಪ್ಟನ್ನೇ ಇದ್ದುದರಿಂದ ತಮ್ಮನನ್ನು ನಡುವೆ, ಸೆಂಟರ್ ಹಾಫ್ ಎಂದು ನಿಲ್ಲಿಸಿದ್ದರು. ಆ ಜಾಗದವನು ಎಡಕ್ಕೂ ಬಲಕ್ಕೂ ಚೆಂಡು ಹಂಚಬೇಕು. ನನ್ನ ತಮ್ಮ ಎಡಕ್ಕೆ ಹಂಚುತ್ತಿರಲಿಲ್ಲ. ಕ್ಯಾಪ್ಟನ್ ಎಡಗಡೆ ಖಾಲಿ ಜಾಗದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರೆ, ಇವನು ಒಮ್ಮೆ ಬಲಕ್ಕೆ ತಿರುಗಿ, ಒಮ್ಮೆ ತಡವರಿಸಿ, ಚೆಂಡನ್ನು ಎದುರಾಳಿಯ ಕೋಲಿಗೆ ಒಪ್ಪಿಸಿಬಿಡುತ್ತಿದ್ದ.

ಇಂಥ ಆಟವನ್ನು ಬೇರೆ ಊರಿನವರು ನೋಡಿದ್ದರೆ ಹುಡುಗನಿಗೆ ಆಟ ಬರುವುದಿಲ್ಲ ಎನ್ನುತ್ತಿದ್ದರು. ನಮ್ಮವರು ಕಾರ್ಖಾನೆಯವರು. ಎಲ್ಲದರಲ್ಲೂ ಬಣ ಕಾಣುವವರು. ಕ್ಯಾಂಟೀನಿನಲ್ಲಿ ಯಾರು ಯಾರ ಪಕ್ಕ ಕೂತರು ಎಂಬುದರಿಂದ ಮುಂದಿನ ಚುನಾವಣೆ ಲೆಕ್ಕ ಹಾಕುವವರು. ಅವರು ಮೊದಲ ಪಂದ್ಯದಲ್ಲೇ ಅರ್ಥ ಮಾಡಿಕೊಂಡುಬಿಟ್ಟರು: ಹುಡುಗ ಅಪ್ಪನ ಸೇಡು ತೀರಿಸುತ್ತಿದ್ದಾನೆ.

ಅಪ್ಪ ಇದನ್ನು ಅಲ್ಲಗಳೆಯಲಿಲ್ಲ. ಬೇಕರಿಯ ಮುಂದೆ ಹಳೆಯ ಗೆಳೆಯರು "ಏನಣ್ಣ, ನಿಮ್ ಹುಡುಗ ಆ ಲೆಫ್ಟ್ ಔಟಿಗೆ ಬಾಲ್ ತೋರಿಸಲ್ಲವಂತೆ" ಎಂದರೆ ಬನ್ನು ಮುರಿಯುತ್ತ "ನಾನೇನು ಹೇಳಿಕೊಟ್ಟಿಲ್ಲಪ್ಪ" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಮುಖ ನೋಡಬೇಕಿತ್ತು. ಮನೆಯಲ್ಲಿ "ಕೆಲಸ ಮುಖ್ಯ ಕಣೋ, ಕೊಡು ಅವನಿಗೂ ಒಂದೆರಡು" ಎಂದು ತಮ್ಮನಿಗೆ ಬುದ್ಧಿ ಹೇಳುತ್ತಿದ್ದರು, ಆದರೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸುತ್ತಲೇ ಹೇಳುತ್ತಿದ್ದರು. ತಮ್ಮ ಏನೂ ಹೇಳುತ್ತಿರಲಿಲ್ಲ. ಅವನ ಮೌನವನ್ನು ನಾನೂ ಒಂದು ಬಗೆಯ ಉತ್ತರವೆಂದೇ ಓದಿದ್ದೆ. ಮೌನವನ್ನು ಓದುವುದು ಸುಲಭವೆಂದು ಓದಿಕೊಂಡವರಿಗೆ ಅನ್ನಿಸುತ್ತದೆ.

ಆ ಭಾನುವಾರ ನಾನು ಕೆಳಗಿಳಿದು ಮೈದಾನದ ಬಾಗಿಲಲ್ಲಿ ನಿಂತೆ. ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಿ ನೋಡಿ ಬಿಳಿಚಿಕೊಂಡ.

"ಅಕ್ಕಾ. ಅಪ್ಪಂಗೆ ಹೇಳ್ಬೇಡ ಕಣಕ್ಕ."

"ಏನು ಹೇಳ್ಲಿ? ನೀನು ಆಡ್ತೀಯ ಅಂತ್ಲಾ?"

ಅವನು ನಕ್ಕ. "ಚೆನ್ನಾಗಿತ್ತಾ?"

"ಅಲ್ಲಿ ಹಿಂಗ್ಯಾಕೆ ಆಡಲ್ಲ ನೀನು?"

ಅವನು ಬೂಟಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. "ಗೊತ್ತಿಲ್ಲ. ಇಲ್ಲಿ ಆಗುತ್ತೆ, ಅಲ್ಲಿ ಆಗಲ್ಲ. ಅಲ್ಲಿ ಇಳಿದ್ರೆ ನಾಲ್ಕು ಕಡೆಯಿಂದ್ಲೂ ಕೂಗ್ತಾರೆ, ತಲೆ ಗಿರ್ ಅನ್ನುತ್ತೆ. ಇಲ್ಲಿ ಲೆಫ್ಟ್ ಔಟ್ ಆಡೋಕೆ ಯಾರೂ ಇರ್ಲಿಲ್ಲ, ನಾನು ನಿಂತ್ಕೊಂಡೆ. ಅಷ್ಟೇ."

ಅಷ್ಟೇ ಎಂದದ್ದನ್ನು ನಾನು ಒಪ್ಪಲಿಲ್ಲ. ಮೆಟ್ರೋ ನಿಲ್ದಾಣಕ್ಕೆ ನಡೆಯುವಷ್ಟರಲ್ಲಿ ನನ್ನ ತಲೆಯಲ್ಲಿ ಕಾರಣಗಳು ಸಾಲುಗಟ್ಟಿದವು. ಅಲ್ಲಿ ಕೆಮ್ಮಣ್ಣಿನ ನೆಲ, ಇಲ್ಲಿ ಚಾಪೆಯಂಥ ಹುಲ್ಲು. ಅಲ್ಲಿ ಕೆಲಸದ ಕತ್ತಿ ನೆತ್ತಿಯ ಮೇಲೆ, ಇಲ್ಲಿ ಆಟ ಮುಗಿದರೆ ಎಲ್ಲರೂ ಸೇರಿ ಇಡ್ಲಿ ತಿನ್ನುವುದು. ಅಲ್ಲಿ ಅಪ್ಪನ ಹೆಸರು ಬೆನ್ನ ಮೇಲೆ, ಇಲ್ಲಿ ಅಪ್ಪ ಯಾರೆಂದು ಯಾರಿಗೂ ಗೊತ್ತಿಲ್ಲ. ಕೊನೆಯದು ನನಗೆ ಬಹಳ ಹಿಡಿಸಿತು. ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ಹಿಡಿಸುವಂಥ ಕಾರಣ ಅದು. ಮನೆಗೆ ಹೋಗಿ ಡೈರಿಯಲ್ಲಿ ಬರೆಯಬೇಕೆಂದು ವಾಕ್ಯವನ್ನೂ ಜೋಡಿಸಿಕೊಂಡೆ. ದಾರಿಯಲ್ಲಿ ತಮ್ಮ ಎರಡು ಸಲ ನನ್ನ ಹಿಂದಿನಿಂದ ಸುತ್ತಿ ಬಂದು ನನ್ನ ಎಡಕ್ಕೆ ಸೇರಿಕೊಂಡದ್ದು ಆಗ ನೆನಪಿನಲ್ಲಿ ಉಳಿಯಲಿಲ್ಲ. ಅಥವಾ ಅದು ನಡೆದೇ ಇಲ್ಲವೇನೋ, ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಇಂಥ ಜಾಗಗಳಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ.

ನಂಬುವುದು ರೈಲಿನೊಳಗೆ ನಡೆದದ್ದನ್ನು. ತಮ್ಮನಿಗೆ ಕಂಬದ ಪಕ್ಕದ ಮೂಲೆ ಸಿಕ್ಕಿತು, ನನಗೆ ಅವನ ಎಡಗಡೆ. ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಪ್ರೆಸ್ಸುಗಳ ಸದ್ದಿನಲ್ಲಿ ಬಾಳಿದ ಅಪ್ಪನಿಗೆ ಕೂಗಿಯೇ ಮಾತಾಡಬೇಕು, ಅಪ್ಪನಿಗೆ ಕೇಳಿಸಲೆಂದು ಅಮ್ಮ ಕೂಗುತ್ತಾಳೆ, ಅಮ್ಮನನ್ನು ಮೀರಿಸಲು ಟಿವಿ ಕೂಗುತ್ತದೆ, ಅದರ ನಡುವೆ ನಾವಿಬ್ಬರೂ ಬೆಳೆದವರು. ಆ ಬೀದಿಯ ಎಲ್ಲ ಮನೆಗಳೂ ಹಾಗೆಯೇ. ಗುಟ್ಟು ಹೇಳಲು ಬೇಕಾದ ದನಿಯೇ ನಮಗೆ ಇರಲಿಲ್ಲ. ಆದರೆ ರೈಲಿನಲ್ಲಿ ಎದುರಿನ ಸೀಟಿನಲ್ಲಿ ಮಗುವನ್ನು ಮಲಗಿಸಿಕೊಂಡ ಹೆಂಗಸೊಬ್ಬಳಿದ್ದಳು. ಆ ಮಗುವಿನ ಮುಖ ನೋಡಿ ನಾನು ದನಿ ತಗ್ಗಿಸಿದೆ. ಮನೆಯಲ್ಲಿ ಎಂದೂ ಕೇಳಲಾಗದ ಪ್ರಶ್ನೆಯನ್ನು ಕೇಳಿದೆ.

"ಅಪ್ಪನಿಗೋಸ್ಕರ ಅವನಿಗೆ ಬಾಲ್ ಕೊಡ್ತಿಲ್ವೇನೋ ನೀನು?"

ಅವನು ಕಿಟಕಿಯಾಚೆ ನೋಡುತ್ತಿದ್ದ. ಉತ್ತರಿಸಲಿಲ್ಲ. ನನಗೆ ಸಿಟ್ಟು ಬಂತು, ಸಮಾಧಾನವೂ ಆಯಿತು. ಹಾಗಾದರೆ ನಿಜ ಎಂದುಕೊಂಡೆ.

"ಕೆಲಸ ಹೋದ್ರೆ ಅಪ್ಪ ಬಂದು ಕೊಡಿಸ್ತಾರಾ?"

ಅದಕ್ಕೂ ಉತ್ತರವಿಲ್ಲ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎದುರಿನ ಹೆಂಗಸು ಮಾತ್ರ ನನ್ನನ್ನೂ ಅವನನ್ನೂ ನೋಡಿದಳು, ಅಕ್ಕ ತಮ್ಮ ಜಗಳವಾಡಿದ್ದಾರೆ ಎಂಬಂತೆ. ಅವಳ ನೋಟ ಕಂಡು ತಮ್ಮ ನನ್ನತ್ತ ತಿರುಗಿದ.

"ಏನಾದ್ರೂ ಅಂದ್ಯಾ?"

ಅವನ ಮುಖದಲ್ಲಿ ನಟನೆ ಇರಲಿಲ್ಲ. ಇಂದಿರಾನಗರ ಬಂತು, ಜನ ಹತ್ತಿದರು, ಇಳಿದರು. ಬಾಗಿಲು ಮುಚ್ಚಿದ ಮೇಲೆ ನಾನು ಎದುರಿಗೆ ನೋಡುತ್ತಲೇ, ಅದೇ ದನಿಯಲ್ಲಿ ಅವನನ್ನು ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕರೆದೆ. ಪಕ್ಕದಲ್ಲೇ ಇದ್ದವನು, ನನ್ನ ತೋಳಿಗೆ ಅವನ ತೋಳು ತಾಗುತ್ತಿತ್ತು. ಅವನು ಮೆಲ್ಲಗೆ ಸಿಳ್ಳೆ ಹಾಕುತ್ತ ಕಿಟಕಿಯಾಚೆ ನೋಡುತ್ತಲೇ ಇದ್ದ.

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುವಾಗ ಅವನ ಎದುರಿಗೆ ನಿಂತು ಕೇಳಿದೆ. "ಈ ಕಡೆ ಕಿವಿ ಕೇಳ್ಸಲ್ವಾ ನಿಂಗೆ?"

"ಎಡಗಡೇದಾ? ಮಂದ" ಎಂದ, ಸಮಯ ಕೇಳಿದವರಿಗೆ ಹೇಳುವಂತೆ.

"ಮಂದ ಅಂದ್ರೆ?"

"ಮಂದ ಅಂದ್ರೆ ಮಂದ. ಎಲ್ಲರಿಗೂ ಒಂದು ಕಡೆ ಮಂದಾನೇ ಅಲ್ವಾ? ಬರೆಯೋಕೆ ಒಂದೇ ಕೈ ಬರುತ್ತಲ್ಲ, ಹಂಗೆ. ಫೋನ್ ನೀನೂ ಒಂದೇ ಕಿವೀಲಿ ತಾನೇ ಇಟ್ಕೊಳ್ಳೋದು?"

ಅವನು ತಮಾಷೆ ಮಾಡುತ್ತಿರಲಿಲ್ಲ. ಸ್ಟೋರ್ಸಿನಲ್ಲಿ ಸಾವಿರ ಬಗೆಯ ನಟ್ಟು ಬೋಲ್ಟುಗಳನ್ನು ಗುರುತಿಸಿ ಎತ್ತಿಡುವ ಈ ಹುಡುಗ, ಮನುಷ್ಯರಿಗೆ ಒಂದೇ ಕಿವಿ ಕೆಲಸಕ್ಕೆ ಬರುತ್ತದೆ, ಇನ್ನೊಂದು ಜೊತೆಗೆ ಇರುತ್ತದೆ ಎಂದು ನಂಬಿಕೊಂಡು ಬದುಕಿದ್ದ. ಕೆಲಸಕ್ಕೆ ಸೇರುವಾಗ ತಪಾಸಣೆ ಮಾಡಲಿಲ್ಲವೇ ಎಂದು ಕೇಳಿದೆ. "ಡಾಕ್ಟ್ರು ಎದುರಿಗೆ ಕೂರಿಸ್ಕೊಂಡು ಹೆಸರೇನು, ಊರೇನು ಅಂದ್ರು. ಹೇಳ್ದೆ. ಪಾಸು."

ಮರುದಿನವೇ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಹೊರಗಿನ ಸದ್ದು ಒಳಗೆ ಬಾರದ ಒಂದು ಪುಟ್ಟ ಕೋಣೆ, ಅದಕ್ಕೊಂದು ಗಾಜು. ಕಿವಿಗೆ ಸದ್ದು ಬಿದ್ದಾಗಲೆಲ್ಲ ಬೆರಳು ಎತ್ತಬೇಕು ಎಂದು ಅಲ್ಲಿದ್ದ ಹುಡುಗಿ ಅವನಿಗೆ ಹೇಳಿಕೊಟ್ಟಳು. ಬಲಗಿವಿಗೆ ಅವನು ಬೆರಳು ಎತ್ತುತ್ತಿದ್ದ ಚುರುಕು ನೋಡಿ ಅವಳು ನಕ್ಕಳು. ಆಮೇಲೆ ಎಡಗಿವಿ. ಅವನು ಬೆರಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸಿದ್ಧವಾಗಿ ಕೂತ. ಹುಡುಗಿ ಗುಂಡಿ ತಿರುಗಿಸುತ್ತ ಹೋದಳು. ಅವನು ಗಾಜಿನೊಳಗಿನಿಂದ ನನ್ನತ್ತ ನೋಡಿ ಹುಬ್ಬು ಹಾರಿಸಿದ, ಯಾವಾಗ ಶುರು ಮಾಡುತ್ತಾರೆ ಎಂಬಂತೆ.

ಅದಕ್ಕಿಂತ ಭಯಂಕರವಾದದ್ದನ್ನು ನಾನು ಈಚೆಗೆ ನೋಡಿಲ್ಲ. ಹುಡುಗಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಕೈ ತೆಗೆದಳು.

"ಚಿಕ್ಕವರಿದ್ದಾಗ ಮಂಗನಬಾವು ಆಗಿತ್ತಾ ಮೇಡಂ? ಕೆಲವು ಮಕ್ಕಳಿಗೆ ಅದರಿಂದ ಒಂದು ಕಿವಿ ಪೂರ್ತಿ ಹೋಗಿಬಿಡುತ್ತೆ. ಇನ್ನೊಂದು ಚೆನ್ನಾಗಿರೋದ್ರಿಂದ ಮನೆಯವರಿಗೆ ಗೊತ್ತೇ ಆಗಲ್ಲ." ಆಮೇಲೆ ತಮ್ಮನಿಗೆ ಹೇಳಿದಳು: "ಒಂದೇ ಕಿವಿ ಇದ್ದರೆ ಸದ್ದು ಕೇಳ್ಸುತ್ತೆ. ಆದರೆ ಅದು ಯಾವ ಕಡೆಯಿಂದ ಬಂತು ಅಂತ ತಿಳಿಯೋಲ್ಲ. ಯಾರಾದ್ರೂ ಕರೆದ್ರೆ ಉಲ್ಟಾ ಕಡೆ ತಿರುಗ್ತೀರಾ ನೀವು?"

ತಮ್ಮ ನನ್ನನ್ನು ನೋಡಿದ. ನಾನು ಅವನನ್ನು. ಕೆಮ್ಮಣ್ಣಿನ ಮೈದಾನದ ನಡುವೆ ಅವನು ತಡವರಿಸಿ ತಿರುಗುತ್ತಿದ್ದ ಆ ಎಲ್ಲ ತಿರುಗುವಿಕೆಗಳೂ ಒಟ್ಟಿಗೆ ಕಣ್ಣ ಮುಂದೆ ಬಂದವು. ನಡುವೆ ನಿಂತವನ ಎರಡೂ ಪಕ್ಕ ಜನ. ಎಡಗಡೆಯಿಂದ ಬಂದ ಕೂಗು ಅವನಿಗೆ ಬಲಗಡೆಯ ಕೂಗು. ಎಡ ಅಂಚಿನಲ್ಲಿ ಗೆರೆಗೆ ಅಂಟಿ ನಿಂತರೆ ಮೈದಾನಕ್ಕೆ ಮೈದಾನವೇ ಅವನ ಬಲಗಡೆ. ಅವನ ಎಡಕ್ಕೆ ಬಲೆ ಬಿಟ್ಟರೆ ಏನೂ ಇಲ್ಲ. ಅಲ್ಲಿ ಅವನಿಗೆ ಕೇಳಿಸುವ ಪ್ರತಿ ಕೂಗೂ ಅದು ಬಂದ ಕಡೆಯಿಂದಲೇ ಬಂದದ್ದು.

ನನ್ನ ಚೆಂದದ ಕಾರಣಗಳು, ಹುಲ್ಲು, ಇಡ್ಲಿ, ಅಪ್ಪನ ಹೆಸರು, ಎಲ್ಲ ಅಲ್ಲೇ ಬಿದ್ದುಹೋದವು.

ಮಂಗನಬಾವಿನ ವಿಷಯಕ್ಕೆ ಅಮ್ಮನನ್ನು ಕೇಳಿದೆ. ನನಗೆ ನೆನಪಿತ್ತು: ನಾವಿಬ್ಬರೂ ಒಂದೇ ಚಾಪೆಯ ಮೇಲೆ, ಗದ್ದಕ್ಕೆ ಅರಿಸಿನ ಮೆತ್ತಿಸಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗಲಾಗದೆ ನಗುತ್ತ ಮಲಗಿದ್ದು. ಅಮ್ಮ ತಲೆ ಅಲ್ಲಾಡಿಸಿದಳು. "ನಿಂಗೆಲ್ಲಿ ಬಂತು? ಅವನಿಗೆ ಮಾತ್ರ ಬಂದಿದ್ದು. ನಿನ್ನನ್ನ ಅಜ್ಜಿ ಮನೆಗೆ ಕಳಿಸಿದ್ವಲ್ಲ." ಹಾಗಾದರೆ ಆ ಚಾಪೆ ಯಾರದು, ಆ ಅರಿಸಿನದ ವಾಸನೆ ಯಾರ ಗದ್ದದ್ದು, ನನಗೆ ಗೊತ್ತಿಲ್ಲ. ಆ ದಿನಗಳ ನನ್ನ ಡೈರಿಯಲ್ಲಿ ಅದರ ಒಂದು ಸಾಲೂ ಇಲ್ಲ. ಊಟಕ್ಕೆ ಅವನು ಯಾವಾಗಲೂ ಎಡಗಡೆಯ ಗೋಡೆಗೆ ಅಂಟಿಕೊಂಡು ಕೂರುತ್ತಿದ್ದದ್ದು ಮಾತ್ರ ಅಮ್ಮನಿಗೂ ನೆನಪಿತ್ತು. ನಮಗೆ ಅದು ಅವನ ಹಟವಾಗಿತ್ತು.

ಅಪ್ಪನಿಗೆ ಹೇಳಿದ್ದು ಆ ಸಂಜೆ. ಟಿವಿ ಕೂಗುತ್ತಿತ್ತು, ನಾನು ಅದನ್ನು ಮೀರಿ ಕೂಗಿದೆ, ತಮ್ಮ ತಲೆ ತಗ್ಗಿಸಿ ಕೂತಿದ್ದ. ಎಲ್ಲ ಕೇಳಿದ ಮೇಲೆ ಅಪ್ಪ ಮೊದಲು ಕೇಳಿದ ಮಾತು ಇದು:

"ಹಂಗಾದ್ರೆ ಇವನು ಬೇಕು ಅಂತ ಕೊಡದೆ ಇದ್ದದ್ದಲ್ವಾ?"

"ಅಲ್ಲಪ್ಪ."

"ಒಂದ್ಸಲಾನೂ ಅಲ್ವಾ?"

ತಮ್ಮ ತಲೆ ಎತ್ತಿದ. "ಅಪ್ಪಾ, ಅವರು ನಂಗೆ ಯಾವತ್ತೂ ಬಾಲ್ ಕೇಳೇ ಇಲ್ಲ ಅಂತ ನಾನು ಅಂದ್ಕೊಂಡಿದ್ದೆ. ನಿಮ್ಮ ಮೇಲಿನ ಕೋಪಕ್ಕೆ ಅವರು ನನ್ನತ್ರ ಮಾತಾಡಲ್ಲ ಅಂತ."

ಅಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಅವರ ಮುಖದಲ್ಲಿ ಮೊದಲು ಕಂಡದ್ದು ಮಗನ ಕಿವಿಯ ದುಃಖವಲ್ಲ ಎಂದು ನನಗೆ ಅನ್ನಿಸಿತು. ಏನೋ ಕಳೆದುಕೊಂಡವರ ಮುಖ ಅದು. ಬೇಕರಿಯ ಮುಂದೆ ಇಷ್ಟು ದಿನ ಬನ್ನು ಮುರಿದದ್ದೆಲ್ಲ ಸುಳ್ಳಾಗಿತ್ತು. ಹೀಗೆ ಬರೆಯುವುದು ಅನ್ಯಾಯವೂ ಇರಬಹುದು. ಯಾಕೆಂದರೆ ಆಮೇಲೆ ಅವರು ಎದ್ದು ಟಿವಿ ಆರಿಸಿದರು. ನಮ್ಮ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ತಮ್ಮನ ಹಿಂದೆ, ಎಡಗಡೆಗೆ ಬಂದು ನಿಂತರು. ಬಾಯಿ ತೆರೆದು ಮುಚ್ಚಿದರು. ಮೆಲ್ಲಗೆ ಮಾತಾಡುವುದು ಹೇಗೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಹೇಗೋ ಒಂದು ಒಡಕು ದನಿ ತೆಗೆದರು.

"ಮಗಾ."

ತಮ್ಮ ಆರಿದ ಟಿವಿಯನ್ನೇ ನೋಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಇನ್ನೊಮ್ಮೆ ಕರೆಯಲಿಲ್ಲ.

ತೀರ್ಮಾನದ ದಿನ ಹತ್ತಿರವಾಗಿತ್ತು. ಆಟಗಾರರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಕಾರ್ಖಾನೆಯ ಕಮಿಟಿ ಕ್ಯಾಪ್ಟನ್ನನ ಮಾತನ್ನು ಕೇಳಿಯೇ ನಿರ್ಧರಿಸುತ್ತದೆ. ಈ ವಿಷಯವನ್ನು ಅವನಿಗೆ ಹೇಳುವವರು ಯಾರು? ತಮ್ಮ ಹೇಳಿದರೆ ಕೆಲಸ ಉಳಿಸಿಕೊಳ್ಳಲು ಕಟ್ಟಿದ ಕಥೆ ಎನ್ನುತ್ತಾರೆ. ನಾನು ಹೇಳಿದರೆ ನನ್ನನ್ನು ಅವನು ಕಂಡೇ ಇಲ್ಲ. ಎರಡು ದಿನ ಅಪ್ಪ ಬೇಕರಿಗೆ ಹೋಗಲಿಲ್ಲ. ಮೂರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ನಡಿ, ಆ ಲೆಫ್ಟ್ ಔಟ್ ಮನೆ ಎಲ್ಲಿದೆ ಅಂತ ನಂಗೊತ್ತು" ಎಂದು ನನ್ನನ್ನು ಹೊರಡಿಸಿದರು.

ಲಗ್ಗೆರೆಯಲ್ಲಿ ಅವನದು ಊರಿನ ಹಳೆಯ ಮನೆತನ. ಕೆಳಗೆ ಬಾಡಿಗೆಯವರು, ಮೇಲೆ ಇವರು. ಅವನು ಲುಂಗಿಯಲ್ಲಿ ಹೊರಗೆ ಬಂದವನು ಅಪ್ಪನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಕೂದಲು ಬೆಳ್ಳಗಾಗುತ್ತಿದ್ದ, ಇನ್ನೂ ಆಟಗಾರನ ಕಾಲುಗಳಿದ್ದ ಮನುಷ್ಯ.

"ಅಣ್ಣ, ನೀವಾ? ಬನ್ನಿ. ಯಾರಾದ್ರೂ ಓಗ್‌ಬುಟ್ರಾ?"

"ಯಾರೂ ಹೋಗಿಲ್ಲ" ಎಂದು ಅಪ್ಪ ಮೆಟ್ಟಿಲ ಮೇಲೇ ನಿಂತು ಶುರು ಮಾಡಿದರು. "ನನ್ ಮಗಂಗೆ ಎಡಗಡೆ ಕಿವಿ ಕೇಳಲ್ಲ. ಹುಟ್ಟಿದಾಗಿನಿಂದ ಅಂತ ಇಟ್ಕೋ. ಅವನು ನಿಂಗೆ ಬಾಲ್ ಕೊಡದೆ ಇದ್ದಿದ್ದು ನನ್ನಿಂದ ಅಲ್ಲ."

ಕೆಳಗಿನ ಬಾಡಿಗೆಯವರೆಲ್ಲ ಹೊರಗೆ ಬಂದು ತಲೆ ಎತ್ತಿ ನೋಡಿದರು.

"ನಿಧಾನಕ್ಕೆ ಮಾತಾಡಿ ಅಣ್ಣ" ಎಂದ ಅವನು. "ನಂಗೆ ಎರಡು ಕಿವೀನೂ ಕೇಳ್ತದೆ."

ಒಳಗೆ ಕೂರಿಸಿದ. ಕಿವಿ ಪರೀಕ್ಷೆಯ ಮಾತನ್ನು ನಾನು ಹೇಳಿದೆ, ಗುಂಡಿ ಕೊನೆಯವರೆಗೂ ತಿರುಗಿದ್ದನ್ನು ಹೇಳಿದೆ, ಭಾನುವಾರ ನಾನು ಕಂಡ ಆಟವನ್ನೂ ಹೇಳಿದೆ. ಅವನು ನೆಲ ನೋಡುತ್ತ ಕೇಳಿದ. ನಂಬುತ್ತಿದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಅಲ್ಲ ಕಣಮ್ಮ, ನಾನು ಇಷ್ಟು ದಿನ ಅವನ ಕಿವುಡು ಕಿವಿಗೇ ಬಡ್ಕೋತಿದ್ನಾ?" ಎಂದ ಕೊನೆಗೆ. ಹೆಂಡತಿ ತಂದಿಟ್ಟ ಟೀ ಮುಟ್ಟಲಿಲ್ಲ. "ನಾನು ಕಮಿಟೀಲಿ ಏಳ್‌ಬುಟ್ಟಿದೀನಿ, ಈ ಉಡುಗ ಬ್ಯಾಡ ಅಂತ. ಇನ್ನೊಂದು ಮ್ಯಾಚ್ ನೋಡಿ ಕೊನೇ ಮಾತು ಏಳು ಅಂದವ್ರೆ. ಅಣ್ಣ, 'ನಿಮ್ಮಪ್ಪ ಏಳ್ಕೊಟ್ಟದ್ದನ್ನ ಮಾಡ್ತಿದೀಯ' ಅಂತ ಅವನಿಗೇ ನಾನು ಬೈದಿದೀನಿ."

"ಏನಂದ ಅದಕ್ಕೆ?" ಅಪ್ಪ ಕೇಳಿದರು.

"ಏನೂ ಅನ್ನಲಿಲ್ಲ. ಪಕ್ಕದಲ್ಲಿ ನಿಂತ್ಕೊಂಡು ಬೈದೆ ಅನ್ಸುತ್ತೆ. ಯಾವ ಪಕ್ಕ ಅಂತ ಯಾರಿಗೆ ನೆನಪು."

ಆಮೇಲೆ ಅವನು ನನ್ನನ್ನು ಕೇಳಿದ. "ಆ ವೈಟ್‌ಫೀಲ್ಡ್ ಕಡೆ ಚೆನ್ನಾಗಿ ಆಡ್ತಾನೆ ಅಂದ್ರಲ್ಲ. ಎಲ್ಲಿ ನಿಲ್ಲಿಸ್ತಾರೆ ಅವನ್ನ?"

"ಎಡಗಡೆ. ಗೆರೆ ಪಕ್ಕ."

ಅವನು ತನ್ನ ಮಂಡಿಯನ್ನು ಅಂಗೈಯಿಂದ ಉಜ್ಜಿಕೊಂಡ. ಒಮ್ಮೆ ಅಪ್ಪನ ಮುಖ ನೋಡಿದ. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಕೇಳಬಾರದ್ದನ್ನು ಕೇಳಲು ಬಂದವರು ಹಾಗೆಯೇ ಕೂರುತ್ತಾರೆ.

"ಅದು ನನ್ ಜಾಗ" ಎಂದ ಅವನು. ಆಮೇಲೆ ಟೀ ಎತ್ತಿಕೊಂಡು, ಆರಿದ್ದರೂ ಊದಿ ಕುಡಿದ.

ಆ ಪಂದ್ಯದ ದಿನ ನಾನು ರಜೆ ಹಾಕಿ ಅಪ್ಪನ ಜೊತೆ ಹೋದೆ. ಕಾರ್ಖಾನೆಯ ಮೈದಾನದ ಒಂದು ಕಡೆ ಮಳೆಮರದ ನೆರಳು, ಕಲ್ಲಿನ ಮೆಟ್ಟಿಲು, ಜನರೆಲ್ಲ ಅಲ್ಲೇ. ಇನ್ನೊಂದು ಕಡೆ ಬರೀ ಕಾಂಪೌಂಡ್ ಗೋಡೆ, ಬಿಸಿಲು. ಆಟಗಾರರು ಇಳಿದಾಗ ಮೆಟ್ಟಿಲ ಮೇಲೆ ಗುಜುಗುಜು ಎದ್ದಿತು. ಕ್ಯಾಪ್ಟನ್ ನಡುವೆ ನಿಂತಿದ್ದ. ನನ್ನ ತಮ್ಮ ಎಡ ಅಂಚಿಗೆ, ನಾವು ಕೂತಿದ್ದ ಮೆಟ್ಟಿಲ ಮುಂದೆಯೇ ಬಂದು ನಿಂತ.

"ಏನ್ ಗುರು ಇದು, ಒಪ್ಪಂದ ಆಗೋಯ್ತಾ ಎರಡು ಕಡೆಗೂ?" ಎಂದ ನಮ್ಮ ಹಿಂದೆ ಕೂತವನೊಬ್ಬ.

"ಎಲೆಕ್ಷನ್ ಬಂತಲ್ಲ ಮಚ್ಚಾ, ಹೊಂದಾಣಿಕೆ ಇರುತ್ತೆ" ಎಂದ ಇನ್ನೊಬ್ಬ.

ಅಪ್ಪ ತಿರುಗಲಿಲ್ಲ.

ತಮ್ಮ ಮೊದಮೊದಲು ಚೆನ್ನಾಗಿ ಆಡಲಿಲ್ಲ. ಒಂದು ಚೆಂಡನ್ನು ಕೋಲಿನಡಿಯಿಂದಲೇ ಬಿಟ್ಟ. ಇನ್ನೊಂದನ್ನು ಗೆರೆಯಾಚೆ ಕಳಿಸಿದ. ನಾನು ಬಾಲ್ಕನಿಯಿಂದ ನೋಡಿದ್ದು ನಿಜವೇ ಎಂದು ನನಗೇ ಅನುಮಾನ ಹತ್ತಿತು. ಆಗ ಕ್ಯಾಪ್ಟನ್ ನಡುವಿನಿಂದ ಒಂದು ಕೂಗು ಹಾಕಿದ. ತಮ್ಮ ತಲೆ ಎತ್ತದೆಯೇ, ಆ ಕೂಗಿನ ಬುಡಕ್ಕೆ ಚೆಂಡು ತಳ್ಳಿ ಓಡಿದ. ಕ್ಯಾಪ್ಟನ್ ಅದನ್ನು ಅವನ ಮುಂದಕ್ಕೆ ಮರಳಿಸಿದ. ಮೆಟ್ಟಿಲ ಮೇಲಿನ ಗುಜುಗುಜು ನಿಂತುಹೋಯಿತು. ಆಟ ಬರುವುದು ಬಾರದ್ದು ಬೇರೆ ಮಾತು, ಆ ಇಬ್ಬರ ನಡುವೆ ಚೆಂಡು ಅತ್ತಿತ್ತ ಹೋದದ್ದನ್ನು ಆ ಮೈದಾನ ಕಂಡಿರಲಿಲ್ಲ.

ಗೋಲು ಆಮೇಲೆ ಬಂತು, ಅವನದಲ್ಲ, ಅವನು ದಾಟಿಸಿದ ಚೆಂಡಿನಿಂದ ಬಂದದ್ದು. ಈಗ ಬರೆಯುವ ಹೊತ್ತಿಗೆ ಅವನ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿದಿದೆ. ಕಾಯಂ ಮಾತು ಇನ್ನೂ ಬಂದಿಲ್ಲ. "ಆಡಿಸಿದ ಜಾಗ ತಪ್ಪಿತ್ತು, ತಪ್ಪು ನಂದು" ಎಂದು ಕ್ಯಾಪ್ಟನ್ ಕಮಿಟಿಯಲ್ಲಿ ಹೇಳಿದನಂತೆ. ಕಿವಿಯ ವಿಷಯವನ್ನು ತಮ್ಮ ತಾನೇ ಹೋಗಿ ಹೇಳಿ ಬಂದ. ಸ್ಟೋರ್ಸಿನಲ್ಲಿ ಎಣಿಸಲು ಕಿವಿ ಬೇಡ ಎಂದರಂತೆ. ಅವರು ನಿಜಕ್ಕೂ ಹಾಗೆಂದರೋ, ಅವನು ನಮ್ಮ ಸಮಾಧಾನಕ್ಕೆ ಹೇಳಿದನೋ, ನಾನು ವಿಚಾರಿಸಿಲ್ಲ.

ಆ ದಿನದ ಒಂದು ಸಂಗತಿಯ ಬಗ್ಗೆ ಮಾತ್ರ ನನ್ನ ನೆನಪಿಗೆ ಅನುಮಾನವಿಲ್ಲ, ಯಾಕೆಂದರೆ ಮೆಟ್ಟಿಲ ಮೇಲಿದ್ದವರೆಲ್ಲ ಅದನ್ನು ನೋಡಿದ್ದಾರೆ. ಗೋಲು ಬಿದ್ದಾಗ ಅಪ್ಪ ಎದ್ದು ನಿಂತು ಮಗನ ಹೆಸರು ಹಿಡಿದು ಕೂಗಿದರು. ಪ್ರೆಸ್ಸುಗಳ ಸದ್ದನ್ನು ಮೀರಿಸಿದ ದನಿ ಅದು. ತಮ್ಮ ನಮ್ಮ ಮುಂದೆಯೇ, ಕೈಗೆಟಕುವಷ್ಟು ಹತ್ತಿರ ನಿಂತಿದ್ದ. ಕೂಗು ಕೇಳಿ ಮುಖ ಅರಳಿಸಿ, ಮೈದಾನದ ಆಚೆ ಕಡೆಗೆ, ಖಾಲಿ ಗೋಡೆಯತ್ತ ತಿರುಗಿ ಹುಡುಕಿದ.

ಅಪ್ಪ ಹಾಗೇ ನಿಂತಿದ್ದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ನನಗೂ ಹೇಳದೆ, ಗೋಲ್ ಕಂಬದ ಹಿಂದಿನಿಂದ ಮೈದಾನವನ್ನು ಸುತ್ತಿ ಆಚೆ ಕಡೆಗೆ ನಡೆದರು. ಬಿಸಿಲಿನಲ್ಲಿ, 'ಗೋಡೆಗೆ ಒರಗಬೇಡಿ' ಎಂದು ಬಣ್ಣದಲ್ಲಿ ಬರೆದಿದ್ದ ಗೋಡೆಗೆ ಒರಗಿ ನಿಂತು ಕೂಗಿದರು. ತಮ್ಮ ನೋಡಿದ. ಕೋಲು ಎತ್ತಿದ.

ಅರ್ಧ ಆಟ ಮುಗಿದು ತಂಡಗಳು ಕಡೆ ಬದಲಿಸಿದವು. ತಮ್ಮ ಈಗ ಆ ಗೋಡೆಯ ಪಕ್ಕದ ಗೆರೆಗೆ ಬಂದ, ಅಪ್ಪನ ಎದುರಿಗೇ, ಮತ್ತೆ ಕೇಳದ ಕಿವಿ ಅವರ ಕಡೆಗೆ. ಅಪ್ಪ ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಅವನನ್ನು, ಒಮ್ಮೆ ಅಷ್ಟು ದೂರದ ಮರದ ನೆರಳನ್ನು ನೋಡಿದರು. ತೋಳಿನ ತುದಿಯಿಂದ ಮೂಗಿನ ಬೆವರನ್ನು ಮೇಲಕ್ಕೆ ಒರೆಸಿಕೊಂಡರು. ಆಮೇಲೆ ಬಂದ ದಾರಿಯಲ್ಲೇ, ಗೋಲ್ ಕಂಬದ ಹಿಂದಿನಿಂದ, ವಾಪಸು ನಡೆಯತೊಡಗಿದರು.